ಬೇರುಗಳ ಇಳಿಜಾರು

ಧೋ ಎಂದು ಸುರಿದು ನಿಂತ ಮಳೆಗೆ ಕಾಡುದಾರಿಯ ಇಳಿಜಾರಿನ ಬೇರುಗಳೆಲ್ಲ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಹೋದ ವರ್ಷ ಇಲ್ಲೇ ಬಿದ್ದು ಕೈ ಮುರಿದುಕೊಂಡಿದ್ದ ಅಕ್ಕ, ಸೈಕಲ್ಲಿನ ಬ್ರೇಕನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಮುಂದೆ ಹೋಗಿದ್ದ ತಮ್ಮ ತಿರುವಿನಾಚೆಯಿಂದ ಕೂಗಿದ: "ಬೇಡ ಕಣಕ್ಕಾ! ಇಳಿದು ತಳ್ಕೊಂಡು ಬಾ!"

"ಸುಮ್ನೆ ದಾರಿ ಬಿಡೋ!" ಎಂದವಳೇ ಸೀಟಿನಿಂದ ಮೇಲೆದ್ದು ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. ಸೈಕಲ್ ಧುಮುಕಿತು. ಹಿಂದಿನ ಚಕ್ರ ಬೇರಿನ ಮೇಲೆ ಜಾರಿ ಪಕ್ಕಕ್ಕೆ ಎಳೆಯಿತು. ಆದರೂ ಬೆರಳು ಬ್ರೇಕಿನತ್ತ ಹೋಗಲಿಲ್ಲ. ಚಕ್ರ ತಾನಾಗಿಯೇ ನೆಟ್ಟಗಾಯಿತು.

ಕೆಳಗೆ ಬಂದು ನಿಂತಾಗ ಅವಳ ಹಲ್ಲಿಗೂ ಕೆಸರು ಮೆತ್ತಿತ್ತು. ತಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ನೀನು ಹೇಗೆ ಇಳಿದ್ಯೋ?"

"ನಾನಾ?" ಅವನು ಹೆಲ್ಮೆಟ್ಟನ್ನೇ ಕೆರೆದುಕೊಂಡ. "ತಳ್ಕೊಂಡು ಬಂದೆ ಕಣಕ್ಕಾ."

ಅವಳ ನಗು ಕಾಡಿಗೆಲ್ಲ ಕೇಳಿಸಿತು. "ನಡಿ ಮೇಲಕ್ಕೆ," ಎಂದಳು ಸೈಕಲ್ ತಿರುಗಿಸುತ್ತ, "ಕಲಿಸ್ತೀನಿ."