ಅಂಗೈಗೆ ದಾಟದ ಕೊರಗು

ಪ್ರತಿ ಹೊಡೆತಕ್ಕೆ ಮುಂಚೆ ಉತ್ತಪ್ಪನವರು ಮಾಡುತ್ತಿದ್ದದ್ದು ಆ ಗಾಲ್ಫ್ ಕ್ಲಬ್ಬಿನಲ್ಲಿ ಎಲ್ಲರೂ ಮಾಡುವುದನ್ನೇ. ದೂರದ ಬಾವುಟವನ್ನೊಮ್ಮೆ ನೋಡುವುದು, ಎರಡು ಸಲ ಸುಮ್ಮನೆ ಸ್ಟಿಕ್ ಬೀಸುವುದು, ಉದ್ದಕ್ಕೆ ಉಸಿರೆಳೆದುಕೊಂಡು ಹೆಬ್ಬೆರಳನ್ನು ಬ್ಯಾಗು ಹೊರುವ ಕ್ಯಾಡಿಯ ಅಂಗೈಗೆ ಒತ್ತುವುದು. ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದೆಲ್ಲ ಕ್ಯಾಡಿಗೆ ದಾಟುತ್ತಿತ್ತು. ಚೆಂಡು ನೆಲ ಮುಟ್ಟಿದ ಮೇಲೆ ವಾಪಸು ಪಡೆದರಾಯಿತು.

ಅವರಿಗಿದ್ದದ್ದು ಒಂದೇ ಕೊರಗು. ಹೋದ ವರ್ಷ ಫೈನಲ್ ಆಡುತ್ತಿದ್ದಾಗ ಅಕ್ಕ ದೇಚಮ್ಮ ಹನ್ನೊಂದು ಸಲ ಫೋನ್ ಮಾಡಿದ್ದಳು. ಭಾವನಿಗೆ ಎದೆನೋವು, ಆಸ್ಪತ್ರೆಗೆ ಕಾರು ಬೇಕಿತ್ತು. ಏಕಾಗ್ರತೆ ಕೆಡುತ್ತದೆಂದು ಇವರು ಫೋನನ್ನು ಬ್ಯಾಗಿನ ತಳಕ್ಕೆ ತಳ್ಳಿದ್ದರು. ಕಪ್ ಬಂತು, ಭಾವ ಉಳಿಯಲಿಲ್ಲ. ಆಮೇಲೆ ಅಕ್ಕನ ಮನೆ ಮೆಟ್ಟಿಲು ಹತ್ತಲು ಇವರಿಗೆ ಮುಖವಿರಲಿಲ್ಲ.

ಇವತ್ತು ಮೂರು ಸಲ ಒತ್ತಿದರೂ ಕೊರಗು ಕದಲಲಿಲ್ಲ.

"ಏನಾಯ್ತು ಬೋರಣ್ಣ? ಕೈ ಸರಿಯಾಗಿ ಕೊಡು."

"ಇನ್ನು ಅದು ನನ್ನ ಕೈಗೆ ಬರಲ್ಲ ಸಾರ್," ಎಂದ, ಆರು ವರ್ಷದಿಂದ ಅವರ ಬ್ಯಾಗು ಹೊರುತ್ತಿದ್ದ ಬೋರಣ್ಣ. "ನಿಮಗೆ ವಾಪಸು ಕೊಟ್ಟ ಮೇಲೂ ಒಂಚೂರು ನನ್ನಲ್ಲೇ ಉಳ್ಕೊಳ್ತಿತ್ತು. ಊಟ ಸೇರ್ತಿರಲಿಲ್ಲ. ಅದಕ್ಕೇ ಭಾನುವಾರ ಅಕ್ಕಾವ್ರ ಮನೆಗೆ ಹೋಗಿ, ತಪ್ಪಾಯ್ತು ಅಂತ ಕಾಲು ಹಿಡ್ಕೊಂಡೆ."

ಉತ್ತಪ್ಪನವರ ಹೆಬ್ಬೆರಳು ಅವನ ಅಂಗೈಯಲ್ಲೇ ನಿಂತಿತು.

"ಏನಂದಳು?"

ಬೋರಣ್ಣ ಚೆಂಡನ್ನೇ ನೋಡುತ್ತ ಹೇಳಿದ. "ಎಬ್ಬಿಸಿ ಕಾಫಿ ಕೊಟ್ರು ಸಾರ್. 'ಹೋಗ್ಲಿ ಬಿಡಪ್ಪ, ನೀನಾದ್ರೂ ಬಂದ್ಯಲ್ಲ' ಅಂದ್ರು."