ನೋವಿನ ಸರದಿ

ನೋವು ಅಂಗೈಯಿಂದ ಅಂಗೈಗೆ ದಾಟುವ ಕಾಲವದು. ಬಡಾವಣೆಯ ಹಿರಿಯ ನಾಗರಿಕರ ಕೇಂದ್ರದಲ್ಲಿ ಬೆಳಗಿನ ಆಟಕ್ಕೆ ಮುನ್ನ ಒಬ್ಬರು ಎಲ್ಲರ ಮಂಡಿನೋವು, ಸೊಂಟನೋವುಗಳನ್ನು ಸಂಜೆಯವರೆಗೆ ಹೊತ್ತುಕೊಳ್ಳುವುದು ವಾಡಿಕೆ. ದಿನಕ್ಕೊಬ್ಬರ ಸರದಿ, ಆದರೆ ತಾವಾಗಿ ಒಪ್ಪಿ ಕೈಚಾಚದ ಹೊರತು ನೋವು ದಾಟದು.

ಅಂದಿನ ಸರದಿ ವಾರಿಜಮ್ಮನದು. ಅಂದೇ ಥ್ರೋಬಾಲ್ ಪಂದ್ಯ, ತಂಡದ ನಾಯಕಿಯೂ ಅವರೇ. ಅವರು ನೇರವಾಗಿ ಹೊಂಗೆಮರದ ಕೆಳಗಿನ ಬೆಂಚಿಗೆ, ಮರೆವಿನ ಕಾಯಿಲೆಯ ಭಾಗೀರಥಮ್ಮನ ಬಳಿಗೆ ಹೋದರು.

“ಇವತ್ತು ನಿಮ್ಮ ಸರದಿ ಕಣ್ರೀ.”

“ನಿನ್ನೆನೂ ನಾನೇ ಅಲ್ವೇನ್ರೀ? ಮೈಯೆಲ್ಲ ಇನ್ನೂ ನಡುಗ್ತಿದೆ.”

“ಅಯ್ಯೋ, ನಿನ್ನೆ ನಾನು ಹೊತ್ಕೊಂಡು ನರಳಿದ್ದು ಮರೆತೇಬಿಟ್ರಾ?”

ಭಾಗೀರಥಮ್ಮ ನಾಚಿದರು. “ಪಾಪ, ನಿಮಗೆಷ್ಟು ಕಷ್ಟ ಆಯ್ತೋ! ಕೊಡಿ,” ಎಂದು ಕೈಚಾಚಿದರು.

ಎಲ್ಲರೂ ಸಾಲಾಗಿ ಬಂದು ಅಂಗೈ ಒತ್ತಿ, ಹಗುರಾಗಿ ಅಂಕಣಕ್ಕೆ ಓಡಿದರು. ಕಳೆದ ಮಳೆಗಾಲದಿಂದ ಎಲ್ಲರ ಸರದಿಯೂ ಭಾಗೀರಥಮ್ಮನ ಪಾಲಿಗೇ ಬೀಳುತ್ತಿತ್ತು.

ವಾರಿಜಮ್ಮ ಎಳೆಯ ಹುಡುಗಿಯಂತೆ ಜಿಗಿದು ಚೆಂಡು ಹಿಡಿದರು. ಬೆಂಚಿನಿಂದ ನರಳಾಟ ಕೇಳಿಬಂದಾಗ ಅತ್ತ ಬೆನ್ನು ಮಾಡಿ ನಿಂತರು.

“ಈಗ ಸರ್ವಿಸ್ ಯಾರ್ದು?”

“ನಿಮ್ದೇ ಅಕ್ಕ,” ಎಂದರು ಜೊತೆಗಾತಿ ವಿಮಲಾ.

ವಾರಿಜಮ್ಮ ಚೆಂಡನ್ನು ಎದೆಗವಚಿಕೊಂಡು ಮತ್ತೆ ಕೇಳಿದರು, “ಈಗ ಸರ್ವಿಸ್ ಯಾರ್ದು?”

ವಿಮಲಾ ಉಳಿದವರ ಮುಖ ನೋಡಿದರು. ಅವರೆಲ್ಲ ಬೆಂಚಿನ ಮೇಲೆ ಭಾಗೀರಥಮ್ಮನ ಪಕ್ಕ ಖಾಲಿಯಿದ್ದ ಜಾಗವನ್ನು ನೋಡುತ್ತಿದ್ದರು.

“ನಿಮ್ದೇ ಅಕ್ಕ,” ಎಂದರು ವಿಮಲಾ, ಬಹಳ ಮೃದುವಾಗಿ. “ನಾಳೆ ನೋವಿನ ಸರದಿನೂ ನಿಮ್ದೇ.”