ದೆವ್ವ ಕೇಳಿದ್ದು

ನಿಂಬೆಹಣ್ಣು ಕೊಯ್ದರೆ ಈಗಲೂ ನನಗೆ ಏಕಸಂಬಿಯ ನಮ್ಮ ಪಡಸಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ದೆವ್ವ ಬಡಕೊಂಡಿದೆ ಎಂದು ನನ್ನ ಸೋದರತ್ತೆಯನ್ನು ಗಂಡನ ಮನೆಯವರು ತವರಿಗೆ ತಂದು ಬಿಟ್ಟಿದ್ದರು. ದೆವ್ವ ಬಿಡಿಸುವ ದೇವರಿಶಿ ಬಂದು ಬೇವಿನ ಟೊಂಗೆಯಿಂದ ಬಡಿದು, ಹೋಯಿತೆಂದು ಹೇಳಿದ್ದ. ಅಂದು ಸಂಜೆಯ ಬಸ್ಸಿಗೆ ಅವಳನ್ನು ಗಂಡನ ಊರಾದ ಪಾಲಬಾವಿಗೆ ಮರಳಿ ಕಳಿಸುವುದಿತ್ತು. ಹೋಗುವ ಮುಂಚೆ ಒಂದಿಷ್ಟು ನಗಲಿ ಎಂದು ಕಾಕಾ ಬಾಡಿಗೆಯ ವಿಸಿಆರ್ ತಂದು, ದೆವ್ವದ ಮೇಲಿನ ಮರಾಠಿ ನಗೆ ಸಿನಿಮಾ ಹಚ್ಚಿದ.

ಸಿನಿಮಾದ ಮಂತ್ರವಾದಿ ಒಬ್ಬ ಹೆಂಗಸಿನ ಮುಂದೆ ನಿಂಬೆಹಣ್ಣು ಕೊಯ್ದು, ಏನು ಬೇಕೆಂದು ರಮಿಸಿ ಕೇಳಿದ. ಅವಳ ಮೈಮೇಲಿದ್ದ ದೆವ್ವ ಗಂಡಸಿನ ದನಿಯಲ್ಲಿ ಕೋಳಿ ಬೇಕು, ಜರಿ ಸೀರೆ ಬೇಕು, ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಬೇಕು ಎಂದಿತು. ನಕ್ಕು ನಕ್ಕು ಕಾಕಾನ ಕಣ್ಣಲ್ಲಿ ನೀರು ಬಂತು.

ಅತ್ತೆ ನಗಲಿಲ್ಲ. ತೋಳಿನ ಬಾಸುಂಡೆಯ ಮೇಲೆ ಸೆರಗು ಎಳೆದುಕೊಂಡು, "ಅವ್ವಾ, ದೆವ್ವಕ್ಕಾದ್ರೂ ಏನ ಬೇಕಂತ ಕೇಳತಾರ ನೋಡ," ಎಂದಳು.

ಅಜ್ಜಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಏಳವ್ವಾ, ಬಸ್ಸಿನ ಹೊತ್ತಾತು," ಎಂದಳು.

ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಿ ಮಗಳ ಉಡಿ ತುಂಬಿದಳು. ಎಲ್ಲದರ ಮೇಲೆ ದೇವರಿಶಿ ಮಂತ್ರಿಸಿ ಕೊಟ್ಟ ನಿಂಬೆಹಣ್ಣು ಇಟ್ಟಳು. ಅತ್ತೆ ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಹೊಸ್ತಿಲು ದಾಟಿದಳು.

ಬಸ್ಸು ಹೋದ ಮೇಲೆ ನಾವು ಮಕ್ಕಳು ಕಾಕಾನನ್ನು ಕಾಡಿ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದೆವು. ದೆವ್ವ ತನಗೆ ಬೇಕಾದುದನ್ನೆಲ್ಲ ಮತ್ತೊಮ್ಮೆ ಕೇಳಿತು.